ಪಾಳುಬಾವಿಯೊಳಗಿನ ದನಿ

ಒಡೆದ ಲಾಟೀನಿನ ಗಾಜನ್ನು ಹಿತ್ತಲಿನ ಪಾಳುಬಾವಿಗೆ ಎಸೆದೆ. ಕೆಳಗಿನ ಕತ್ತಲೆಯಿಂದ ದನಿಯೊಂದು ಎದ್ದಿತು: “ಅಕ್ಕಾರ, ಒಗೀಬ್ಯಾಡ್ರಿ!”

ಅರವತ್ತರ ದಶಕದಲ್ಲಿ ದಾಸನಕೊಪ್ಪಕ್ಕೆ ಶಿಕ್ಷಕಿಯಾಗಿ ಬಂದಾಗಲೇ, ಆ ಬಾವಿಯಲ್ಲಿ ಯಾರೋ ಸತ್ತಿದ್ದಾರೆಂದು ನೆರೆಯವರು ಹೇಳಿದ್ದರು. ಓಡಲೂ ಆಗದೆ ನಿಂತೆ. ಆಚೆ ಬದಿಯ ಮರಕ್ಕೆ ಕಟ್ಟಿದ್ದ ಹಗ್ಗ ಅಲುಗಿತು. ಅದನ್ನು ಹಿಡಿದು ಮುದುಕನೊಬ್ಬ ಮೇಲೆ ಬಂದ. ಹಣೆಯಿಂದ ರಕ್ತ ಸೋರುತ್ತಿತ್ತು. ಬೆನ್ನಿಗೆ ಕಟ್ಟಿದ್ದ ಬುಟ್ಟಿಯ ತುಂಬ ಸೀಸೆ ಚೂರು, ತುಕ್ಕು ಹಿಡಿದ ಡಬ್ಬಿ; ಹೆಚ್ಚಿನವು ನಾನೇ ಎಸೆದವು.

“ಇಲ್ಲಿ ಬಿದ್ದು ಸತ್ತಾಕಿ ನನ್ನ ಮಗಳ್ರಿ. ಆಕಿ ಮ್ಯಾಲ ಕಸಾ ಹಾಕಬ್ಯಾಡ್ರಿ,” ಎಂದ.

ಅಂದಿನಿಂದ ಒಡೆದ ಗಾಜು, ತಗಡನ್ನೆಲ್ಲ ಗುಜರಿಯವನಿಗೆ ಕೂಡಿಡುತ್ತೇನೆ. ಏನನ್ನಾದರೂ ಬಿಸಾಡಲು ಕೈ ಎತ್ತಿದರೆ, ಕೆಳಗೆ ಯಾರೋ ಇದ್ದಾರೆಂದು ಇಂದಿಗೂ ಅನ್ನಿಸುತ್ತದೆ.