ಅತ್ತಿಗೆಗೆ ಪಿಕಪ್ ಆರಿಸಿದ್ದು

ನಮ್ಮ ಮನೆತನದಲ್ಲಿ ಯಂತ್ರದ ವಿಷಯ ಅಂದರೆ ನಾನು. ಮಿಕ್ಸಿ ತರಲಿ, ಬೋರಿಗೆ ಮೋಟಾರ್ ಇಳಿಸಲಿ, ಅಳಿಯನಿಗೆ ಸ್ಕೂಟರ್ ಕೊಡಿಸಲಿ, ‘ಮೇಷ್ಟ್ರನ್ನ ಒಂದು ಮಾತು ಕೇಳಿ’ ಅನ್ನುತ್ತಾರೆ. ವಿಜಯನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ ಅನ್ನುವುದೊಂದೇ ನನ್ನ ಅರ್ಹತೆ. ಒಂದು ಫ್ಯಾನನ್ನೂ ಬಿಚ್ಚಿ ನೋಡಿದವನಲ್ಲ. ಆದರೆ ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನುವ ಅಭ್ಯಾಸ ನನಗಿರಲಿಲ್ಲ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅತ್ತಿಗೆ ಫೋನ್ ಮಾಡಿದರು. ತೀರಿಕೊಂಡ ನಮ್ಮ ಅಣ್ಣನ ಹೆಂಡತಿ, ಈಗ ಅವನ ನರ್ಸರಿ ನಡೆಸುವವರು.

“ಮೇಷ್ಟ್ರೇ, ಒಂದು ಪಿಕಪ್ ತಗೋಬೇಕು ಅಂತಿದೀನಿ. ಬಂದು ಇಂಜಿನ್ನು ಗಿಂಜಿನ್ನು ನೋಡಿ, ಯಾವುದು ಸರಿ ಅಂತ ಹೇಳ್ತೀರಾ?”

“ಓಡಿಸೋದು ಯಾರು ಅತ್ತಿಗೆ?”

“ನಾನೇ. ಲೈಸೆನ್ಸ್ ಬಂದಾಯ್ತು.”

“ಆಯ್ತು, ಬರ್ತೀನಿ” ಅಂದೆ. ಬೇರೆ ಏನು ಹೇಳಲಿ? ನಾಲ್ಕು ವರ್ಷದಿಂದ ನುಂಗಿಕೊಂಡಿದ್ದ ಮಾತನ್ನು ಫೋನಿನಲ್ಲಿ ಹೇಳಲಾಗುತ್ತದೆಯೆ?

ಆ ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ಹೇರೋಹಳ್ಳಿಯಲ್ಲಿ ನಮ್ಮ ಹೊಲವಿದ್ದ ಕಡೆ ಈಗ ಸೈಟುಗಳು. ಉಳಿದ ಒಂದು ತುಂಡಿನಲ್ಲಿ ಅಣ್ಣ ನರ್ಸರಿ ಮಾಡಿದ್ದ. ಗಿಡಕ್ಕಿಂತ ಮಣ್ಣಿನ ವ್ಯಾಪಾರವೇ ಜಾಸ್ತಿ. ತಾರಸಿ ತೋಟದವರಿಗೆ, ಅಪಾರ್ಟ್‌ಮೆಂಟುಗಳಿಗೆ ಗೊಬ್ಬರ ಕಲಸಿದ ಕೆಂಪು ಮಣ್ಣು. ಈ ಕಸುಬಿನಲ್ಲಿ ಮಣ್ಣನ್ನು ಯಾರೂ ತೂಗುವುದಿಲ್ಲ. ಒಂದು ಗಾಡಿ ಅಂದರೆ ಅರವತ್ತು ಚೀಲ, ಮಾತು ಮುಗಿಯಿತು. ಒಣಗಿದ್ದರೂ ಅರವತ್ತೇ, ಮಳೆಗೆ ನೆನೆದು ಕೆಸರಾಗಿದ್ದರೂ ಅರವತ್ತೇ. ಒಂದು ಚೀಲ ಕಡಿಮೆಯಾದರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ನೆನೆದ ಚೀಲವನ್ನು ಎತ್ತಿದವನ ಸೊಂಟಕ್ಕೆ ಮಾತ್ರ ವ್ಯತ್ಯಾಸ ಗೊತ್ತು.

ಅಣ್ಣನ ಪಿಕಪ್ ಹಳೆಯದು. ಲೋಡು ಜಾಸ್ತಿಯಾದಾಗ ಹಿಂಭಾಗ ಕೂರುತ್ತಿತ್ತು. “ಬಾಡಿ ಬಂದು ಟೈರಿಗೆ ತಾಗ್ತಾ ಇದೆ ಕಣೋ. ಏನು ಮಾಡ್ಲಿ ಹೇಳು” ಎಂದು ಒಂದು ಭಾನುವಾರ ಕೇಳಿದ. ನಾನು ತಿದ್ದುತ್ತಿದ್ದ ಉತ್ತರ ಪತ್ರಿಕೆಯ ಹಿಂದೆ ಚಿತ್ರ ಬರೆದು, ಬಾಣದ ಗುರುತು ಹಾಕಿ, ಹಿಂದಿನ ಸ್ಪ್ರಿಂಗಿಗೆ ಎರಡೆರಡು ಉಕ್ಕಿನ ಪ್ಲೇಟ್ ಸೇರಿಸು, ಆಮೇಲೆ ಕೂರಲ್ಲ ಎಂದೆ. ಎಲ್ಲರೂ ಹಾಗೇ ಮಾಡಿಸುತ್ತಾರೆ, ನಾನೇನೂ ಹೊಸದನ್ನು ಕಂಡುಹಿಡಿಯಲಿಲ್ಲ. ಆದರೆ ಅಣ್ಣ ಎಲ್ಲರನ್ನೂ ಕೇಳಲಿಲ್ಲ, ನನ್ನನ್ನು ಕೇಳಿದ. ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಪ್ಲೇಟ್ ಹಾಕಿಸಿದ ಮೇಲೆ ಅರವತ್ತು ಚೀಲ ಹೇರಿದರೂ ಗಾಡಿ ನೆಟ್ಟಗೆ ನಿಂತಿತು. “ನೀನು ಓದಿದ್ದು ಸಾರ್ಥಕ ಆಯ್ತು ಕಣೋ” ಎಂದು ಬೆನ್ನು ತಟ್ಟಿದ.

ಮೂರು ವಾರ ಕಳೆದಿತ್ತು. ಹಿಂದಿನ ದಿನವೆಲ್ಲ ಮಳೆ. ನೆನೆದ ಮಣ್ಣು ಅರವತ್ತು ಚೀಲ. ಉಲ್ಲಾಳದ ಕಡೆ ಒಂದು ಇಳಿಜಾರಿನಲ್ಲಿ ಗಾಡಿ ನಿಲ್ಲಲಿಲ್ಲ. ತಿರುವಿನ ಕಾಂಪೌಂಡಿಗೆ ಹೊಡೆಯಿತು, ಹಿಂದಿದ್ದ ಚೀಲಗಳೆಲ್ಲ ಮುಂದಕ್ಕೆ ಬಂದವು. ಅಣ್ಣನ ಜೊತೆ ಬೇರೆ ಯಾರೂ ಇರಲಿಲ್ಲ.

ಗಾಡಿ ನೋಡಿದ ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ಕರೆದು, “ಬ್ರೇಕ್ ಸರಿಯಾಗೇ ಇದೆ ಸಾರ್. ಆದ್ರೆ ಅಷ್ಟು ಲೋಡನ್ನ ಹಿಡಿಯೋ ಬ್ರೇಕ್ ಅಲ್ಲ ಅದು” ಎಂದ. ಮನೆಗೆ ಬಂದು ನಾನು ‘ಬ್ರೇಕ್ ಫೇಲ್’ ಎಂದೆ. ಎಲ್ಲರೂ ನಂಬಿದರು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ.

ಅಂದಿನಿಂದ ಅಣ್ಣ ನನ್ನನ್ನು ಬಿಟ್ಟಿಲ್ಲ. ಇದನ್ನು ದೆವ್ವದ ಕತೆ ಅಂದುಕೊಳ್ಳಬೇಡಿ, ವಿಜ್ಞಾನದ ಮೇಷ್ಟ್ರಿಗೆ ಆ ಅನುಕೂಲ ಇಲ್ಲ. ಆದರೆ ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ದ್ರವ್ಯರಾಶಿ, ವೇಗ ಎಂದು ಬರೆಯುವಾಗ ಹಿಂದಿನ ಬೆಂಚಿನ ಕಡೆಯಿಂದ ಹಸಿ ಮಣ್ಣಿನ ವಾಸನೆ ಬರುತ್ತದೆ. ತಿರುಗಿ ನೋಡುವುದಿಲ್ಲ. ನೋಡಿದರೆ ಇರುತ್ತಾನೆ ಅನ್ನುವ ಭಯವಲ್ಲ, ಇರುವುದಿಲ್ಲ ಅಂತ ಗೊತ್ತಿದೆ, ಅದಕ್ಕೇ. ಅವನು ಬೈಯುವುದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ‘ಏನು ಮಾಡ್ಲಿ ಹೇಳು’ ಅಂತ ಕೇಳುತ್ತಾನೆ, ಅದೇ ದನಿಯಲ್ಲಿ, ಅದೇ ನಂಬಿಕೆಯಲ್ಲಿ.

ಸರಿ, ಪಿಕಪ್ಪಿಗೆ ಬರುತ್ತೇನೆ. ಎರಡು ಶನಿವಾರ ಅತ್ತಿಗೆಯ ಸ್ಕೂಟರಿನ ಹಿಂದೆ ಕೂತು ಮೈಸೂರು ರಸ್ತೆಯ ಶೋರೂಮುಗಳನ್ನು ಸುತ್ತಿದೆ. ಚಿಕ್ಕ ಗಾಡಿಗೆ ಮಣ್ಣಿನ ಕೆಲಸ ಆಗುವುದಿಲ್ಲ, ದೊಡ್ಡದು ಹೇರೋಹಳ್ಳಿಯ ಓಣಿಗಳಲ್ಲಿ ತಿರುಗುವುದಿಲ್ಲ. ಮಧ್ಯದ ಅಳತೆಯದು ಬೇಕು. ಇಷ್ಟು ಅತ್ತಿಗೆಯೇ ತೀರ್ಮಾನ ಮಾಡಿಕೊಂಡಿದ್ದರು. ಉಳಿದದ್ದನ್ನು ನಾನು ಕೆಡಿಸಿದೆ. ಸಿಎನ್‌ಜಿ ಗಾಡಿ ತೋರಿಸಿದರೆ ಏರಿನಲ್ಲಿ ಎಳೆಯಲ್ಲ ಎಂದೆ. ಡೀಸೆಲ್ ತೋರಿಸಿದರೆ ಇಂಜಿನ್ ಶಕ್ತಿ ಅತಿಯಾಯಿತು ಎಂದೆ. ಸೇಲ್ಸ್‌ನವನು ಪವರ್ ಸ್ಟೀರಿಂಗ್, ರಿವರ್ಸ್ ಕ್ಯಾಮೆರಾ, ಎಸಿ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರೆ ನಾನು ಬಗ್ಗಿ ಚಕ್ರದ ಹಿಂದೆ ಇಣುಕಿ, “ಬ್ರೇಕ್ ಎಷ್ಟು ದೊಡ್ಡದಪ್ಪಾ ಇದರದ್ದು?” ಎನ್ನುತ್ತಿದ್ದೆ. ಮೂರನೇ ಸಲ ಕೇಳಿದಾಗ ಅವನು ನನ್ನನ್ನು ಬಿಟ್ಟು ಅತ್ತಿಗೆಯ ಕಡೆ ತಿರುಗಿ ಮಾತಾಡತೊಡಗಿದ.

“ನಿಮಗೆ ಯಾವ ಗಾಡಿನೂ ಹಿಡಿಸಲ್ಲ ಬಿಡಿ” ಎಂದು ಅತ್ತಿಗೆ ನಕ್ಕರು. “ಹೆಣ್ಣು ನೋಡೋಕೆ ಹೋದಾಗಲೂ ಹಿಂಗೇ ಮಾಡಿದ್ರಂತೆ, ನಿಮ್ಮಣ್ಣ ಹೇಳ್ತಿದ್ರು.”

ನಿಜ ಹೇಳಬೇಕೆಂದರೆ, ಅವರು ಯಾವುದನ್ನೂ ಕೊಳ್ಳದೆ ಬೇಜಾರಾಗಿ ವಾಪಸ್ ಹೋಗಲಿ ಎಂದೇ ನನ್ನ ಆಸೆ ಇತ್ತು. ಹೇಡಿಯ ಆಸೆ.

ಎರಡನೇ ಶನಿವಾರ ಮಧ್ಯಾಹ್ನ ನಾಯಂಡಹಳ್ಳಿಯ ಹತ್ತಿರದ ಶೋರೂಮಿನಲ್ಲಿ ಅತ್ತಿಗೆಗೆ ಒಂದು ಹಿಡಿಸಿತು. ಡೀಸೆಲ್ ಇಂಜಿನ್, ಒಂಬತ್ತಡಿ ಬಾಡಿ, ಕ್ಲಚ್ ಹಗುರ. ನನಗೂ ತೆಗೆದುಹಾಕಲು ಏನೂ ಸಿಗಲಿಲ್ಲ. ಓಡಿಸಿ ನೋಡಲು ಹೊರಟೆವು. ಅತ್ತಿಗೆ ಸ್ಟೀರಿಂಗಿನಲ್ಲಿ, ನಡುವೆ ನಾನು, ಕಿಟಕಿ ಕಡೆ ಸೇಲ್ಸ್‌ನವನು. ಚೆನ್ನಾಗಿಯೇ ಓಡಿಸಿದರು, ಅಣ್ಣನಿಗಿಂತ ಶಾಂತವಾಗಿ. ದೀಪಾಂಜಲಿ ನಗರದ ತನಕ ಮೆಟ್ರೋ ಕಂಬಗಳ ಪಕ್ಕದಲ್ಲೇ ಹೋಗಿ, ತಿರುಗಿಸಿಕೊಂಡು ಬರುವಾಗ ಫ್ಲೈಓವರಿನ ಇಳಿಜಾರಿನಲ್ಲಿ ನನ್ನ ಬಲಗಾಲು ತನ್ನಷ್ಟಕ್ಕೆ ಮ್ಯಾಟನ್ನು ಒತ್ತಿ ಹಿಡಿಯಿತು.

“ಮೇಷ್ಟ್ರೇ, ಅಲ್ಲಿ ಬ್ರೇಕಿಲ್ಲ. ನನ್ನ ಕಾಲಡಿ ಇದೆ” ಎಂದರು ಅತ್ತಿಗೆ.

ಶೋರೂಮಿಗೆ ಮುಂಚೆ ಒಂದು ಟೀ ಅಂಗಡಿಯ ಹತ್ತಿರ ನಿಲ್ಲಿಸಿದರು. ಆಗ ಸೇಲ್ಸ್‌ನವನು, ವ್ಯಾಪಾರ ಕುದುರಿತು ಅನ್ನುವ ಖುಷಿಯಲ್ಲಿ, “ಮಣ್ಣಿನ ಲೋಡ್ ಅಲ್ವಾ ಮೇಡಂ? ತಗೊಂಡ ತಕ್ಷಣ ಹಿಂದೆ ಎರಡೆರಡು ಪ್ಲೇಟ್ ಹಾಕ್ಸಿಬಿಡಿ. ಇಲ್ಲಿ ಎಲ್ರೂ ಹಾಕ್ಸೋದೇ. ಎಷ್ಟು ಹೇರಿದ್ರೂ ಗಾಡಿ ಕೂರಲ್ಲ” ಎಂದ.

ಅತ್ತಿಗೆ ನನ್ನ ಕಡೆ ತಿರುಗಿದರು. “ಹಾಕ್ಸೋಣ್ವಾ ಮೇಷ್ಟ್ರೇ? ಏನು ಮಾಡ್ಲಿ ಹೇಳಿ.”

ಹಸಿ ಮಣ್ಣಿನ ವಾಸನೆ ಬಂತು. ಹೊಸ ಗಾಡಿ, ಸೀಟಿಗೆ ಹಾಕಿದ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ, ಅದರಲ್ಲಿ ಮಣ್ಣಿನ ವಾಸನೆ ಎಲ್ಲಿಂದ? “ಬೇಡ!” ಎಂದು ಕಿರುಚಿಬಿಟ್ಟೆ. ಟೀ ಅಂಗಡಿಯವನೂ ತಿರುಗಿ ನೋಡಿದ. ಸೇಲ್ಸ್‌ನವನು “ಟೀ ಹೇಳ್ತೀನಿ ಸಾರ್” ಎಂದು ಇಳಿದುಹೋದ.

ಆಮೇಲೆ ಹೇಳಿದೆ. ಭಾನುವಾರ ಅಣ್ಣ ಕೇಳಿದ್ದು, ನಾನು ಚಿತ್ರ ಬರೆದದ್ದು, ಮೆಕ್ಯಾನಿಕ್ ಹೇಳಿದ್ದು, ನಾನು ಮನೆಯಲ್ಲಿ ಹೇಳಿದ ಸುಳ್ಳು. ಎದುರಿನ ಗಾಜನ್ನು ನೋಡಿಕೊಂಡೇ ಹೇಳಿದೆ. ಅತ್ತಿಗೆ ಇಂಜಿನ್ ಆಫ್ ಮಾಡಿದರು. ಆಮೇಲೆ ಕೇಳಿದರು:

“ಪ್ಲೇಟ್ ಹಾಕ್ಸದೇ ಇದ್ದಿದ್ರೆ ಅವತ್ತು ಗಾಡಿ ಕೂರ್ತಿತ್ತಾ?”

“ಕೂರ್ತಿತ್ತು.”

“ಟೈರಿಗೆ ತಾಗ್ತಿತ್ತಾ?”

“ನರ್ಸರಿ ಗೇಟ್ ದಾಟೋಕೂ ಆಗ್ತಿರಲಿಲ್ಲ ಅತ್ತಿಗೆ.”

“ಹಂಗಾದ್ರೆ ಅವ್ರು ಅರ್ಧ ಇಳಿಸ್ತಿದ್ರು” ಎಂದರು.

ನಾಲ್ಕು ವರ್ಷ ನಾನು ಬ್ರೇಕಿನ ಬಗ್ಗೆ, ತೂಕದ ಬಗ್ಗೆ, ವೇಗದ ಬಗ್ಗೆ ಯೋಚಿಸಿದ್ದೆ. ಇಷ್ಟು ಸರಳವಾದದ್ದು ಹೊಳೆದಿರಲಿಲ್ಲ. ಸಾಕು ಅಂತ ಗಾಡಿ ಅಣ್ಣನಿಗೆ ಹೇಳುತ್ತಿತ್ತು, ಅದರ ಬಾಯಿ ಮುಚ್ಚಿಸಿದವನು ನಾನು. ಅಲ್ಲೇ, ಆ ನಡು ಸೀಟಿನಲ್ಲಿ, ನಾನು ಅತ್ತೆ. ಅತ್ತಿಗೆ ಅಳಲಿಲ್ಲ.

ಗಾಡಿಯನ್ನು ಶೋರೂಮಿಗೆ ತಂದು ಬಿಟ್ಟು, ಅಡ್ವಾನ್ಸ್ ಕೊಟ್ಟು, ಪ್ಲೇಟ್ ಬೇಡ ಎಂದು ಎರಡು ಸಲ ಹೇಳಿ ಹೊರಗೆ ಬಂದರು. ಸ್ಕೂಟರಿನ ಹಿಂದಿನ ಸೀಟಿನ ಮೇಲೆ ತಮ್ಮ ಬ್ಯಾಗ್ ಇಟ್ಟರು.

“ನೀವು ಮೆಟ್ರೋದಲ್ಲಿ ಹೋಗಿ” ಎಂದರು.

ಹೊಸ ಗಾಡಿಯ ಪೂಜೆಗೆ ನನ್ನನ್ನು ಕರೆಯಲಿಲ್ಲ. ಅದರ ಫೋಟೋ ಬೇರೆಯವರ ಮೊಬೈಲಿನಲ್ಲಿ ನೋಡಿದೆ. ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ, ಪಕ್ಕದಲ್ಲಿ ನಗದೆ ನಿಂತ ಅತ್ತಿಗೆ. ಯುಗಾದಿಗೆ ನಾನೇ ಫೋನ್ ಮಾಡಿದೆ, ಎತ್ತಲಿಲ್ಲ. ಅವರ ಮೇಲೆ ಕೋಪ ಮಾಡಿಕೊಳ್ಳುವ ಮುಖ ನನಗಿರಲಿಲ್ಲ.

ಈ ವರ್ಷ ಮಳೆ ಶುರುವಾದ ಮೇಲೆ, ಒಂದು ಬೆಳಿಗ್ಗೆ ನಾನು ಸ್ಟಾಫ್ ರೂಮಿನಲ್ಲಿದ್ದಾಗ ಅವರ ಫೋನ್ ಬಂತು. ಹಿಂದೆ ಇಂಜಿನ್ ಓಡುತ್ತಿರುವ ಸದ್ದು.

“ಮೇಷ್ಟ್ರೇ, ಮಣ್ಣು ನೆಂದಿದೆ. ಗಾಡಿ ಕೂತ್ಕೊಳ್ತು. ಇಪ್ಪತ್ತೈದು ಚೀಲ ಇಳಿಸ್ದೆ.”

ಅಷ್ಟೇ. ಫೋನ್ ಇಟ್ಟರು. ಎರಡು ದಿನ ಬಿಟ್ಟು ಮತ್ತೆ ಬಂತು, ಆ ಸಲ ಇಪ್ಪತ್ತು ಚೀಲ. ಈಗ ನೆನೆದ ಮಣ್ಣು ಹೇರಿದಾಗಲೆಲ್ಲ ಮಾಡುತ್ತಾರೆ. ನನ್ನ ಹೆಂಡತಿ ಮಕ್ಕಳ ವಿಚಾರ ಕೇಳುವುದಿಲ್ಲ, ಊಟ ಆಯ್ತಾ ಅನ್ನುವುದಿಲ್ಲ. ಇಷ್ಟು ಚೀಲ ಇಳಿಸ್ದೆ, ಅಷ್ಟೇ ಮಾತು. ಪಾಠ ಮಾಡುತ್ತಿದ್ದರೂ ಕ್ಲಾಸಿನಿಂದ ಹೊರಗೆ ಬಂದು, ಕಾರಿಡಾರಿನಲ್ಲಿ ನಿಂತು, “ಸರಿ ಅತ್ತಿಗೆ” ಅನ್ನುತ್ತೇನೆ. ಇಷ್ಟು ಚೀಲ ಇಳಿಸ್ದೆ ಅನ್ನುವುದು, ಉಲ್ಲಾಳದ ಕಡೆ ಹೊರಟ ದಿನ ಅಣ್ಣ ಮನೆಯಲ್ಲಿ ಹೇಳಿ ಹೊರಡಬೇಕಾಗಿದ್ದ ಮಾತು.