ಒಂದೇ ಹೆಸರಿನ ಎರಡು ಕಥೆ

‘ಗಡಪ ದಾಟಿನಾಕ’ ಎಂಬ ತೆಲುಗು ಸಿನಿಮಾ ನೋಡಲು ತಂಗಿಯನ್ನು ಜಹೀರಾಬಾದಿನ ಟಾಕೀಸಿಗೆ ಕರೆದುಕೊಂಡು ಹೋದವಳು ನಾನೇ. ಹೊಸ್ತಿಲು ದಾಟಿದ ಮೇಲೆ ಎಂದು ಅದರ ಅರ್ಥ. ನಾನು ಮದುವೆಯಾಗಿ ಮೊಗುಡಂಪಲ್ಲಿ ಕಡೆಯ ಹಳ್ಳಿಗೆ ಬಂದು ಆರೇಳು ವರ್ಷವಾಗಿತ್ತು. ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ಅವಳು ರಜೆಗೆ ನಮ್ಮ ಮನೆಗೆ ಬಂದಿದ್ದಳು. ಸಿನಿಮಾದಲ್ಲಿ ಬಸುರಿ ಸೊಸೆಯೊಬ್ಬಳು ಅತ್ತೆಯ ಮನೆಯಲ್ಲಿ ನರಳುತ್ತ, ಕರೆಯಲು ಬಾ ಎಂದು ಅಣ್ಣನಿಗೆ ಹೇಳಿಕಳಿಸುತ್ತಾಳೆ. ಅವನು ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ತಂಗಿ ಬಸ್ಸಿನಲ್ಲಿಯೂ ಅಳು ನಿಲ್ಲಿಸಲಿಲ್ಲ.

‘ಯಕ್ಕ, ಆ ಅಣ್ಣಗ ಚಪ್ಪಲಿಲೆ ಹೊಡಿಬೇಕು,’ ಅಂದಳು. ಪಕ್ಕದ ಸೀಟಿನವರೆಲ್ಲ ನಕ್ಕರು.

ಮುಂದೆ ಅವಳನ್ನು ತಾಂಡೂರಿಗೆ ಕೊಟ್ಟೆವು. ಗಂಡ ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅಪ್ಪ ಅವ್ವ ತೀರಿಕೊಂಡಿದ್ದರು. ಅವಳಿಗೆ ನನ್ನ ಮನೆಯೇ ತವರು. ಆ ದಿನಗಳಲ್ಲಿ ಟಿವಿಯಲ್ಲಿ ಅದೇ ಹೆಸರಿನ ಧಾರಾವಾಹಿ ಶುರುವಾಯಿತು. ಸಿನಿಮಾಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

‘ಹೆಸರು ಅದೇ, ಕಥಿ ಬ್ಯಾರೆ ಯಕ್ಕ,’ ಎಂದು ಫೋನಿನಲ್ಲಿ ನಗುತ್ತಿದ್ದಳು. ‘ಇದ್ರಾಗ ಅತ್ತಿ ಸೊಸಿಗಿ ಕೂಡಿಸಿ ಹಾಲು ಕುಡಸ್ತಾಳ. ಎಂಥ ಸುಳ್ಳು ಹೇಳ್ತಾರ ನೋಡು!’

ತೆಲಂಗಾಣ ಬೇಕೆಂದು ಮುಷ್ಕರ ನಡೆದು ಸರ್ಕಾರಿ ಬಸ್ಸುಗಳು ನಿಂತಾಗ ಅವಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ತವರಿನವರೇ ಹೋಗಿ, ಸೀಮಂತದ ಹಸಿರು ಸೀರೆ, ಕುಬಸ ಕೊಟ್ಟು, ಉಡಿ ತುಂಬಿ ಕರೆತರಬೇಕು. ಯಾರೂ ಹೋಗದೆ ಅತ್ತೆ ಕಳಿಸುವಂತಿಲ್ಲ, ಅವಳಾಗಿ ಬರುವಂತಿಲ್ಲ. ಕಾಲು ಬಾತಿವೆ, ಆದರೂ ನೀರು ಹೊರಿಸುತ್ತಾರೆ, ಗಂಡ ಕೈ ಮಾಡುತ್ತಾನೆ ಎಂದು ಒಮ್ಮೆ ಹೇಳಿದ್ದಳು. ಒಂದು ಸಲ ಬಂದರೆ ತಿರುಗಿ ಹೋಗುವುದಿಲ್ಲ ಎಂದೂ ಹೇಳಿದ್ದಳು.

ಒಂದು ದಿನ ಫೋನು ಬಂತು. ಹಿಂದಿನಿಂದ ಅತ್ತೆಯ ಕೆಮ್ಮು ಕೇಳಿಸುತ್ತಿತ್ತು.

‘ಯಕ್ಕ, ಗಡಪ ದಾಟಿನಾಕ ನೋಡಲತಿ ಇಲ್ಲ? ಮುಗಿಯಾಕ ಬಂದದ. ಲಗು ನೋಡು.’

ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ಇಷ್ಟು ತಿಳಿಯದವಳಲ್ಲ. ಧಾರಾವಾಹಿ ಮುಗಿಯುವ ಲಕ್ಷಣವೇ ಇರಲಿಲ್ಲ. ಅವಳು ಹೇಳಿದ್ದು ಸಿನಿಮಾದ ಸೊಸೆಯ ಮಾತು. ಕೇಳಿದ ಕ್ಷಣವೇ ನನಗೆ ಗೊತ್ತಾಯಿತು.

ಆಗ ನನ್ನ ಮಗಳಿಗೆ ಬೀದರ್ ಕಡೆಯ ಸಂಬಂಧ ಮಾತಾಡುತ್ತಿದ್ದೆವು. ಗಂಡನನ್ನು ಬಿಟ್ಟು ಬಂದ ತಂಗಿ ಮನೆಯಲ್ಲಿದ್ದರೆ ಅವರು ಹಿಂದೆ ಸರಿಯುತ್ತಾರೆಂಬ ಭಯ ನನಗೆ.

‘ನೋಡಲತೀನವ್ವ,’ ಅಂದೆ. ‘ನಿನ್ನಿ ಸೊಸಿಗಿ ಎಷ್ಟು ಛಲೋ ಸೀರಿ ಉಡಿಸಿದ್ರು!’



‘ಹೌದು ಯಕ್ಕ. ಹಸರು ಸೀರಿ,’ ಎಂದು ಫೋನು ಇಟ್ಟಳು.

ಕೇಳಿದವರಿಗೆಲ್ಲ ಬಸ್ಸಿಲ್ಲ, ಹೇಗೆ ಹೋಗುವುದು ಎಂದೆ. ಖಾಸಗಿ ಜೀಪುಗಳು ಓಡುತ್ತಿದ್ದವು. ಆ ವಾರವೇ ಜೀಪಿನಲ್ಲಿ ಕೂತು ನಾವು ಹುಡುಗನ ಮನೆ ನೋಡಿ ಬಂದಿದ್ದೆವು.

ಎಂಟನೆಯ ತಿಂಗಳಲ್ಲಿ ಅವಳ ಕೂಸು ಹೊಟ್ಟೆಯಲ್ಲೇ ಸತ್ತಿತು. ಸುದ್ದಿ ಬಂದಾಗ ಮುಷ್ಕರ ಮುಗಿದಿತ್ತು. ಬಸ್ಸಿನಲ್ಲಿ ಹೋದೆ.

‘ಬರ‍್ರಿ, ಬರ‍್ರಿ. ಈಗ ದಾರಿ ಸಿಕ್ತೇನ್ರಿ ನಿಮಗ?’ ಎಂದು ಅವಳ ಅತ್ತೆ ಬಾಗಿಲಲ್ಲೇ ಚುಚ್ಚಿದಳು. ಒಳಗೆ ಮಲಗಿದ್ದ ತಂಗಿ ಅಲ್ಲಿಂದಲೇ ಅಂದಳು: ‘ಬಸ್ ಬಂದ್ ಇದ್ವಲ್ರಿ ಅತ್ತಿ. ಯಕ್ಕ ಹ್ಯಾಂಗ ಬರಬೇಕು?’

ಅತ್ತೆ ಚಹಾ ತಂದಿಟ್ಟು ಹೊರಗೆ ಹೋದಳು. ನಾನು ತಂಗಿಯ ಹತ್ತಿರ ಕೂತೆ. ಮುಖ ಹಳದಿಗಟ್ಟಿತ್ತು, ಎದೆಯ ಮೇಲೆ ಸೀರೆ ಹಾಲಿನಿಂದ ಒದ್ದೆಯಾಗಿತ್ತು.

‘ಅವತ್ತ ಫೋನಿನ್ಯಾಗ ನೀ ಹೇಳಿದ್ದು…’ ಎಂದು ಶುರುಮಾಡಿದೆ.

ಅವಳು ನನ್ನ ಮಾತು ಮುಗಿಯಲು ಬಿಡಲಿಲ್ಲ. ‘ಹುಡುಗಿ ಸಂಬಂಧ ಕೂಡ್ತೇನು?’ ಎಂದಳು.

ಆ ಸಂಬಂಧದ ವಿಷಯ ನಾನು ಅವಳಿಂದ ಮುಚ್ಚಿಟ್ಟಿದ್ದೆ. ಯಾರು ಹೇಳಿದರೋ, ಯಾವಾಗ ಹೇಳಿದರೋ. ಅವಳಿಗೆ ಎಲ್ಲ ಗೊತ್ತಿತ್ತು.

‘ಕೂಡ್ತು,’ ಅಂದೆ.

‘ಛಲೋ ಆತು. ಚಹಾ ಆರಲತದ, ಕುಡಿ,’ ಅಂದಳು.

ನಾನು ಕುಡಿದೆ.