ಪೂವಮ್ಮನ ಬೆಂಚು, ತೀರ್ಥರಾಮನ ಹೆಬ್ಬೆರಳು

ಬೆಳಿಗ್ಗೆ ಆರೂವರೆ. ಪುತ್ತೂರಿನ ಸಣ್ಣದೊಂದು ದವಾಖಾನೆಯ ಜಗಲಿಯಲ್ಲಿ ಪೂವಮ್ಮ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಕೂತಿದ್ದಾರೆ. ಡಾಕ್ಟರು ಬರುವುದು ಒಂಬತ್ತಕ್ಕೆ. ಸುಳ್ಯ, ಕಡಬದ ಬಸ್ಸಿಳಿದ ಏಳೆಂಟು ಜನ ಕಾಲನ್ನು ಬೆಂಚಿನಡಿ ಅಡಗಿಸಿಕೊಂಡು ಕಾಯುತ್ತಾರೆ. ಎಲ್ಲರದ್ದೂ ಉಗುರಿನ ಕಥೆ.

ಐವತ್ತೆರಡನೆಯ ವಯಸ್ಸಿನಲ್ಲಿ ಗುಡಿಸಿ ಒರೆಸಲು ಸೇರಿದವರು ಇವರು. ಉಗುರು ನೋಡುವುದನ್ನು ಡಾಕ್ಟರೇ ಕಲಿಸಿದರು, ಆಮೇಲೆ ಅದರ ತಂಟೆಗೇ ಬರಲಿಲ್ಲ. ಹತ್ತು ವರ್ಷವಾಯಿತು, ಕೆಲಸ ಇವರದ್ದು, ಹೆಸರು ಮಾತ್ರ ಡಾಕ್ಟರದ್ದು. ಇದಕ್ಕೆ, ಇದನ್ನು ಬರೆಯುವ ನನಗೆ ಸಿಟ್ಟು ಬರುತ್ತದೆ, ಪೂವಮ್ಮನಿಗೆ ಬರುವುದಿಲ್ಲ.

"ಕಲ್ಲು ಎಡವಿದ್ರೆ ಉಗುರು ಕಪ್ಪಾಗ್ತದೆ, ಅಷ್ಟೆ. ಬೂಸ್ಟು ಹಿಡಿದದ್ದು ಹಳದಿಯಾಗಿ ದಪ್ಪ ಆಗ್ತದೆ, ಅಡಿಯಿಂದ ಹಿಟ್ಟಿನ ಹಾಗೆ ಉದುರ್ತದೆ," ಎನ್ನುತ್ತಾರೆ. ಸಂಶಯವಿದ್ದರೆ ಡಾಕ್ಟರಿಗೆ ಬಿಡುತ್ತಾರೆ. ಇಲ್ಲದಿದ್ದರೆ ನೆನೆಸಿ, ಅರದಿಂದ ತೆಳ್ಳಗೆ ಉಜ್ಜಿ, ಮುಲಾಮು ಹಚ್ಚಿ, ಬೆರಳ ಸಂದು ಒಣಗಿಸಿಡಲು ಹೇಳುತ್ತಾರೆ. ಕಾಲಿನ ಹೊಸ ಉಗುರು ಪೂರ್ತಿ ಬರಲು ಒಂದು ವರ್ಷ ಬೇಕು. ಜನಕ್ಕೆ ಎಂಟು ದಿನದಲ್ಲಿ ಆಗಬೇಕು.

ಮರ್ಕಂಜದ ತೀರ್ಥರಾಮನಿಗಂತೂ ವಿಪರೀತ ಅವಸರ. ಕಳೆದ ವರ್ಷ ಬಂದಾಗ ಮದುವೆಗೆ ನಾಲ್ಕೇ ತಿಂಗಳಿತ್ತು. ದಿಬ್ಬಣ ಹೋದಾಗ ಹುಡುಗಿಯ ಅಣ್ಣ ಊರವರೆದುರು ಮದುಮಗನ ಕಾಲು ತೊಳೆಯಬೇಕಲ್ಲ, ಆ ಉಗುರು ಕಂಡರೆ ಮರ್ಯಾದೆ ಹೋದ ಹಾಗೆಯೇ. ಸಾಲದ್ದಕ್ಕೆ ಹೆಬ್ಬೆರಳೆಲ್ಲ ನೀಲಿ, ಸುತ್ತ ಸುಟ್ಟ ಗಾಯ.

"ಎಂತ ಹಾಕಿದ್ದು ಮಾರಾಯ್ರೆ?"

"ಮೈಲುತುತ್ತು, ಸುಣ್ಣ. ಅಡಿಕೆಯ ಕೊಳೆರೋಗಕ್ಕೆ ಬಿಡುದು ಅದನ್ನೇ ಅಲ್ವಾ? ಇದೂ ಕೊಳೆತದ್ದೇ."

"ನಿಮ್ಮ ಬೆರಳು ಅಡಿಕೆ ಗೊನೆ ಅಲ್ಲ," ಎಂದು ಪೂವಮ್ಮ ಮೊದಲು ಗಾಯ ಮಾಯಿಸಿದರು, ಆಮೇಲೆ ಉಗುರಿಗೆ ಕೈ ಹಾಕಿದರು. ಮದುವೆಯ ಹೊತ್ತಿಗೆ ಬುಡದಲ್ಲಿ ಒಂದಿಷ್ಟು ಚೊಕ್ಕ ಉಗುರು ಬಂದಿತ್ತು. ಉಳಿದದ್ದಕ್ಕೆ ಆಸಾಮಿ ದಪ್ಪಗೆ ಅರಶಿನ ಮೆತ್ತಿಕೊಂಡು ಹೋದ. ಕಾಲು ತೊಳೆಯುವ ನೀರಿಗೆ ಅರಶಿನ ನಿಲ್ಲುತ್ತದೆಯೇ? ಹುಡುಗಿಯ ಅಣ್ಣ ದೇರಣ್ಣ ಉಗುರು ನೋಡಿದ, ಭಾವನ ಮುಖ ನೋಡಿದ, ಬೇಗಬೇಗ ತೊಳೆದು ಮುಗಿಸಿದ.

ಮರುವಾರ ದೇರಣ್ಣ ಇದೇ ಬೆಂಚಿನಲ್ಲಿದ್ದ, ಎರಡೂ ಹೆಬ್ಬೆರಳು ಮುಂದೆ ಚಾಚಿಕೊಂಡು. "ನನ್ನದೂ ಹಾಗೇ ಉಂಟು. ಭಾವನ ಹತ್ರ ಗುಟ್ಟಾಗಿ ಕೇಳಿದೆ, ಇಲ್ಲಿಗೆ ಕಳಿಸಿದ್ರು."

ತೀರ್ಥರಾಮನದ್ದು ಈಗ ಹೇಗಿದೆ ಎಂದು ನಾನು ಪೂವಮ್ಮನನ್ನು ಕೇಳಿದೆ.

"ಪೂರ್ತಿ ಚಂದ ಬಂದಿದೆಯಂತೆ," ಎಂದು ಪೂವಮ್ಮ ಅರವನ್ನು ಒರೆಸಿದರು. "ನಾನು ನೋಡ್ಲಿಲ್ಲ. ಹಾಳಾದ ಉಗುರು ಹಿಡ್ಕೊಂಡು ಎಷ್ಟೋ ಜನ ಬರ್ತಾರೆ. ಗುಣ ಆದದ್ದನ್ನು ತೋರಿಸ್ಲಿಕ್ಕೆ ಯಾರೂ ಬರುದಿಲ್ಲ. ಒಂದನ್ನಾದ್ರೂ ನೋಡ್ಬೇಕು ಅಂತ ಆಸೆ ಉಂಟು."